ಎಡಗಿವಿಯ ಪಟ್ಟಿ

ಬೀರವ್ವ ತಮ್ಮ ಕೃಷ್ಣಾತನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಮೂರನೆಯ ಸಲ ಸೀಗೆಪುಡಿ ಹಚ್ಚಿ ತಿಕ್ಕಿದಳು. ಉಗುರಿನ ಸಂದಿಯ ಕಪ್ಪು ಹೋಗಲೊಲ್ಲದು. ಎರಡು ತಿಂಗಳಿಂದ ಹಾಸಿಗೆ ಹಿಡಿದು ಒಂದು ಮೊಳೆಯನ್ನೂ ಮುಟ್ಟಿರದ ಕೈ ಅದು. ಆದರೂ ಕೊಲ್ಹಾಪುರದ ಗ್ಯಾರೇಜಿನಲ್ಲಿ ಇಪ್ಪತ್ತಾರು ವರ್ಷ ಮೋಟಾರುಗಳ ಹೊಳಪಿನ ಪಟ್ಟಿ ಉಜ್ಜಿದ ಪಾಲಿಶಿನ ಕಪ್ಪು, ಇವನ ಜೊತೆಗೇ ಮಣ್ಣಿಗೆ ಹೋಗುತ್ತೇನೆಂದು ಹಟ ಹಿಡಿದು ಕೂತಿತ್ತು.

“ಸಾಕ್ ಬಿಡ್ರಿ ಅಕ್ಕಾರ,” ಎಂದಳು ಕೃಷ್ಣಾತನ ಹೆಂಡತಿ ನಾಗೂಬಾಯಿ. “ಲಗ್ನದಾಗ ಐದು ಮಂದಿ ಕೂಡಿ ಅರಿಷಿಣಾ ಹಚ್ಚಿದ್ರೂ ಹೋಗಿರಲಿಲ್ಲ ಅದು.”

“ಮಂದಿ ನೋಡಾಕ ಬರ್ತಾರ. ಕೈ ಹೊಲಸಿತ್ತು ಅನಬಾರದು.”

“ಅವರ ಕೈ ಯಾರ್ ನೋಡ್ತಾರ್ರಿ ಈಗ.”

ಆ ಮಾತಿಗೆ ಬೀರವ್ವನಿಗೆ ಸಿಟ್ಟು ಬಂತು. ಅವಳಿಗೆ ಸಿಟ್ಟು ಬರಲು ಮುಹೂರ್ತ ಬೇಕಿಲ್ಲವೆಂದು ಮಹಾಗಾಂವದಲ್ಲಿ ಎಲ್ಲರಿಗೂ ಗೊತ್ತು. ಅರವತ್ತು ದಾಟಿದ ಹೆಂಗಸು, ಗಂಡ ತೀರಿದ ಮೇಲೆ ನಲವತ್ತು ಕುರಿಗಳನ್ನು ಒಬ್ಬಳೇ ಕಾಯ್ದವಳು. ಕುರಿಗೂ ಮನುಷ್ಯರಿಗೂ ಅವಳದು ಒಂದೇ ದನಿ. ಆದರೆ ಇವತ್ತು ಸಿಟ್ಟನ್ನು ನುಂಗಿಕೊಂಡು, ಕೈಯನ್ನು ಒರೆಸಿ, ತಮ್ಮನ ಮಡಿಲಲ್ಲೇ ಇಟ್ಟಳು.

ಕೃಷ್ಣಾತನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿತ್ತು, ಹಣೆ ತುಂಬ ಭಂಡಾರದ ಅರಿಶಿನ. ಇಚಲಕರಂಜಿಯ ಮಗ್ಗುಲಿನ ಯಡ್ರಾವದಿಂದ ಮಗಳು ಛಾಯಾ ಬರುವುದೊಂದೇ ಬಾಕಿ. ಅವಳೂ ಅವಳ ಗಂಡನೂ ಅಲ್ಲಿ ಪಾವರ್‌ಲೂಮಿನಲ್ಲಿ ಕೆಲಸಕ್ಕಿದ್ದರು. ಬೆಳಗಿನ ಎಸ್.ಟಿ. ಬಸ್ಸಿನ ಕಂಡಕ್ಟರನ ಕೈಲಿ ಸುದ್ದಿ ಕಳಿಸಿದ್ದರು. ಅವಳು ಮುಖ ನೋಡಿದ ಮೇಲೆ, ಹೊತ್ತು ಮುಳುಗುವುದರೊಳಗೆ ಹೊಲದಲ್ಲಿ ಮಣ್ಣು ಕೊಡುವುದೆಂದು ಜೋತಿಬಾ ಹೇಳಿದ್ದ. ಜೋತಿಬಾ ಇವರ ದೊಡ್ಡಪ್ಪನ ಮಗ, ಊರ ಜಗಳ ಬಿಡಿಸುವ ಹಿರಿಯ. ಬಿಡಿಸುವುದೆಂದರೆ, ಇಬ್ಬರಲ್ಲಿ ಬಡವನಾದವನ ಹೆಗಲ ಮೇಲೆ ಕೈಯಿಟ್ಟು ‘ಹೋಗ್ಲಿ ಬಿಡಪಾ’ ಅನ್ನುವುದು.

ಆಗ ಓಣಿಯ ಬಾಯಲ್ಲಿ ಮೋಟಾರಿನ ಹಾರ್ನ್ ಕೇಳಿಸಿತು.

ಬಂದದ್ದು ಉದ್ದನೆಯ ಹಳೆಯ ಕಾಲದ ಶೆವರ್ಲೆಟ್ ಗಾಡಿ. ಹೊಸದಾಗಿ ಹಾಲಿನ ಬಣ್ಣ ಬಳಿದಿತ್ತು. ಆದರೆ ಬಾಗಿಲುಗಳ ಉದ್ದಕ್ಕೂ ಕಿಟಕಿಗಳ ಸುತ್ತಲೂ ಹೊಳೆಯಬೇಕಾದ ಕ್ರೋಮ್ ಪಟ್ಟಿಗಳಿಲ್ಲದೆ, ಒಡವೆ ಕಳಚಿದ ಹೆಂಗಸಿನ ಕಿವಿ ಮೂಗಿನ ಹಾಗೆ ಬರೀ ತೂತುಗಳು ಕಾಣುತ್ತಿದ್ದವು. ಅದರಿಂದ ಇಳಿದವನು ಕೃಷ್ಣಾತ ದುಡಿದ ಗ್ಯಾರೇಜಿನ ಮಾಲಕ ದಿನಕರರಾವ್. ಗಾಡಿ ಹೊಡೆದುಕೊಂಡು ಬಂದವನು ಅಲ್ಲಿಯದೇ ಮಿಸ್ತ್ರಿ ಮಾಯಪ್ಪ.

“ಕೊಲ್ಹಾಪುರದ ಮಾಲಕ್ರು ಸ್ವತಃ ಬಂದಾರ” ಎಂಬ ಮಾತು ಬಾಯಿಂದ ಬಾಯಿಗೆ ಓಡಿತು. ಯಾರೋ ಕಂಬಳಿ ಕೊಡವಿ ಹಾಸಿದರು. ನಾಗೂಬಾಯಿ, “ಏಳ್ರಿ, ನಿಮ್ಮ ಮಾಲಕ್ರು ಬಂದಾರ, ಏಳ್ರಿ,” ಎಂದು ಗಂಡನ ಮೊಣಕಾಲು ಹಿಡಿದು ಅಳತೊಡಗಿದಳು. ಬೀರವ್ವನ ಎದೆಯೂ ಒಂದು ಗಳಿಗೆ ಹಿಗ್ಗಿತು. ಇಷ್ಟು ದೂರ ಬಂದನಲ್ಲ, ತಮ್ಮನ ದುಡಿಮೆಗೆ ಬೆಲೆ ಇತ್ತಲ್ಲ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಆಮೇಲೆ ತನ್ನ ಮೇಲೆ ತಾನೇ ಹಲ್ಲು ಕಡಿದಳು.

ದಿನಕರರಾವ್ ಅಂಗಳದ ನಡುವೆ ತಬ್ಬಿಬ್ಬಾಗಿ ನಿಂತಿದ್ದ. “ಕಧೀ ಝಾಲಂ ಹೇ? ಯಾವಾಗ ಆತು ಇದು?” ಎಂದು ಕೇಳಿದ.

ಮಣ್ಣಿಗೆಂದು ಬಂದವನು ಯಾವಾಗ ಸತ್ತನೆಂದು ಕೇಳುತ್ತಾನೆಯೇ? ಬೀರವ್ವ ತಲೆಯೆತ್ತಿ ಅವನ ಕೈ ನೋಡಿದಳು. ಹೂವಿಲ್ಲ, ಊದಿನಕಡ್ಡಿಯಿಲ್ಲ. ಅವನು ಸಾವಿಗೆ ಬಂದವನಲ್ಲ. ಬೇರೆ ಏನಕ್ಕೋ ಬಂದು, ಸಾವಿನ ಮನೆಯಲ್ಲಿ ಸಿಕ್ಕಿಬಿದ್ದಿದ್ದ.

*

ಹತ್ತು ವರ್ಷದ ಹಿಂದೆ, ಎಪ್ಪತ್ಮೂರರಲ್ಲಿ, ಕಣ್ಣು ತೋರಿಸಲು ಬೀರವ್ವ ಕೊಲ್ಹಾಪುರಕ್ಕೆ ಹೋಗಿದ್ದಳು. ದವಾಖಾನೆಯ ಸರದಿ ಮಧ್ಯಾಹ್ನಕ್ಕೆಂದಾಗ ಕೃಷ್ಣಾತ ಅವಳನ್ನು ಗ್ಯಾರೇಜಿಗೆ ಕರೆದೊಯ್ದು, ಒಂದು ಹಳೆಯ ಟೈರಿನ ಮೇಲೆ ಕೂರಿಸಿ ತನ್ನ ಕೆಲಸಕ್ಕೆ ತೊಡಗಿದ.

ಅವತ್ತು ಅವನ ಮುಂದೆ ಒಂದು ಕರೀ ಗಾಡಿ ನಿಂತಿತ್ತು. ಬಣ್ಣ ಬಳಿಯುವ ಮೊದಲು ಅದರ ಪಟ್ಟಿಗಳನ್ನೆಲ್ಲ ಬಿಚ್ಚಬೇಕು. ಹೊರಗಿನಿಂದ ಪಟ್ಟಿಯ ಕೆಳಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಐದು ನಿಮಿಷದ ಕೆಲಸ. ಕೃಷ್ಣಾತ ಹಾಗೆ ಮಾಡಲಿಲ್ಲ. ಬಾಗಿಲಿನ ಹಿಡಿಕೆ ಬಿಚ್ಚಿದ, ಗಾಜು ಏರಿಸುವ ತಿರುಗಣಿ ಬಿಚ್ಚಿದ, ಒಳಗಿನ ರಟ್ಟಿನ ಮುಚ್ಚಳವನ್ನು ಗಾಯದ ಪಟ್ಟಿ ಬಿಡಿಸುವಷ್ಟು ಮೆಲ್ಲಗೆ ಬಿಡಿಸಿದ. ಆಮೇಲೆ ಬಾಗಿಲಿನ ಹೊಟ್ಟೆಯೊಳಗೆ ಮೊಣಕೈ ತನಕ ತೋಳು ಇಳಿಸಿ, ಕಣ್ಣು ಮುಚ್ಚಿ, ಬೆರಳಿನಿಂದ ಹುಡುಕಿದ. ಹಿಡಿದುಕೊಂಡಿದ್ದ ಕ್ಲಿಪ್ಪಿನ ಎರಡು ಕಾಲುಗಳು ಸಿಕ್ಕಾಗ, ಟಗರಿನ ಕೊಂಬು ತೇಯ್ದು ತಾನೇ ಮಾಡಿಕೊಂಡ ಚಪ್ಪಟೆ ಬಿಲ್ಲೆಯಿಂದ ಅವನ್ನು ಕೂಡಿಸಿ ಒತ್ತಿದ. ಹೊರಗೆ ಪಟ್ಟಿ ‘ಟಕ್’ ಎಂದು ಸಡಿಲಾಯಿತು.

“ಕಬ್ಬಿಣಾ ಮುಟ್ಟಿದ್ರ ಗೀರು ಬೀಳತೈತಿ ಅಕ್ಕಾ. ಕೊಂಬಿಗೆ ಏನೂ ಆಗೂದಿಲ್ಲ,” ಎಂದ. “ಹೊರಗಿಂದ ಎಬ್ಬಿಸಿದ್ರ ಪಟ್ಟಿ ಬಾಗತೈತಿ. ಒಳಗಿಂದ ಕೇಳಿದ್ರ ತಾನ ಬಿಡತೈತಿ.”

ಬಿಚ್ಚಿದ ಪಟ್ಟಿಗಳನ್ನು ಕಂಬಳಿಯ ಮೇಲೆ ಒಂದರ ಪಕ್ಕ ಒಂದು ಮಲಗಿಸಿದ. ಅಷ್ಟರಲ್ಲಿ ದಿನಕರರಾವ್ ಬಂದ. ಗ್ಯಾರೇಜು ಅಪ್ಪನಿಂದ ಕೈಗೆ ಬಂದು ವರ್ಷವಾಗಿರಲಿಲ್ಲ. ಕೃಷ್ಣಾತನಿಗಿಂತ ಹನ್ನೆರಡು ವರ್ಷ ಚಿಕ್ಕವನು. “ಏ ಕಿಸ್ನ್ಯಾ,” ಎಂದ, “ನಾಲ್ಕು ಪಟ್ಟೀಗೆ ಒಂದು ದಿನಾ? ಬಾಣಂತಿ ಎಬ್ಬಸಾಕತ್ತೀ ಏನು?” ಅಲ್ಲಿದ್ದವರು ನಕ್ಕರು. ಕೃಷ್ಣಾತನೂ ನಕ್ಕು, “ಹೋ ಮಾಲಕ್,” ಎಂದ. ಸಾಂಗಲಿ, ಬೆಳಗಾವಿಯಿಂದ ಗಾಡಿಯವರು ಹುಡುಕಿಕೊಂಡು ಬರುತ್ತಿದ್ದದ್ದು ಆ ನಿಧಾನವನ್ನೇ ಎಂದು ಆ ಅವಿವೇಕಿಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಇನ್ನೂ ಕೆಟ್ಟದ್ದು, ತಿಳಿದೂ ಹಾಗಂದನಲ್ಲ.

ದವಾಖಾನೆಯ ದಾರಿಯಲ್ಲಿ ಬೀರವ್ವ ಕುದಿಯುತ್ತಲೇ ನಡೆದಳು. “ಒಂದು ಮಾತು ತಿರುಗಿ ಆಡಾಕ ಬರೂದಿಲ್ಲೇನು ನಿನಗ?”

“ಪಟ್ಟಿ ಬಾಗಲಿಲ್ಲ ಅಲ್ಲಾ ಅಕ್ಕಾ,” ಎಂದ ಕೃಷ್ಣಾತ. “ನಾ ಬಾಗಿದ್ರ ಏನಾತು.”

*

ದಿನಕರರಾವ್ ಜೋತಿಬಾನನ್ನು ಬೇಲಿಯ ಹತ್ತಿರ ಕರೆದೊಯ್ದು ಬಹಳ ಹೊತ್ತು ಮಾತಾಡಿದ. ಜೋತಿಬಾ ತಲೆ ಅಲ್ಲಾಡಿಸುತ್ತ ಕೇಳಿ, ಬೀರವ್ವನ ಬಳಿಗೆ ಬಂದು ಕುಕ್ಕರಗಾಲಲ್ಲಿ ಕೂತ.

“ಬೀರವ್ವಾ, ಸಾಹೇಬ್ರು ಒಂದ್ ಸಲ ಕೃಷ್ಣಾತನ ಪೆಟ್ಟಿಗಿ ನೋಡ್ತೇನಿ ಅಂತಾರ.”

“ಯಾಕ?”

“ಏನೋ ಒಂದೀಟು ಸಂಶೇವಂತ. ನೋಡಿ ಹೋಗ್ಲಿ ಬಿಡವಾ.”

“ಏನ್ ಸಂಶೇ? ಬಾಯಿ ಬಿಟ್ಟು ಹೇಳ್ಲಿ.”

ದಿನಕರರಾವ್ ಬಾಯಿ ಬಿಟ್ಟೇ ಹೇಳಿದ. ಊರೆಲ್ಲ ಕೇಳುವಂತೆ ಹೇಳಿದ. “ಈ ಗಾಡಿ ಹಲಕರ್ಣಿ ಇನಾಮದಾರರದು. ಬರೂ ವಾರ ಅವರ ಮಗನ ಲಗ್ನ, ವರಾತಿ ಮೆರವಣಿಗಿಗೆ ಇದ ಗಾಡಿ. ಎರಡು ತಿಂಗಳ ಹಿಂದ ಪಟ್ಟಿ ಬಿಚ್ಚಿದಂವ ನಿಮ್ಮ ತಮ್ಮ. ಪಾಲಿಶ್ ಮಾಡಿ ಇಟ್ಟೇನಿ ಅಂದು, ಜಡ್ಡು ಅಂತ ಊರಿಗೆ ಬಂದಾನ. ಅಂವ ಇಟ್ಟ ಪಟ್ಟಿ ಒಂದೂ ಗಾಡಿಗೆ ಕುಂದರವಲ್ದು. ಒಂದಂದ್ರ ಒಂದೂ. ಅಸಲ ಪಟ್ಟಿ ಎಲ್ಲೋ ಮಾರ್ಕೊಂಡು, ಬ್ಯಾರೆ ಗಾಡೀವು ತಂದು ಇಟ್ಟಾನ. ಇನಾಮದಾರ್ರು ಪೊಲೀಸ್ ಕೇಸ್ ಮಾಡ್ತೇನಿ ಅಂತ ಕುಂತಾರ. ಅಲ್ಲಿಗೆ ಹೊಂಟಿದ್ದೆ. ಹಾದ್ಯಾಗ ಇವನ್ನ ಕೇಳಿಕೊಂಡು ಹೋಗೋಣಂತ ಬಂದೆ.”

ಕಂಬಳಿ ಹಾಸಿದವರು ಒಂದು ಹೆಜ್ಜೆ ಹಿಂದೆ ಸರಿದರು. ಮನುಷ್ಯ ಸತ್ತು ಅರ್ಧ ದಿನವಾಗಿಲ್ಲ, ಅವನ ಮೇಲಿನ ನಂಬಿಕೆ ಆಗಲೇ ತಣ್ಣಗಾಗತೊಡಗಿತ್ತು. ನೆರೆಮನೆಯ ಹೌಸಾಬಾಯಿ ಪಕ್ಕದವಳ ಕಿವಿಗೆ, “ಅದಕ್ಕ ಮನಸಿಗೆ ಹಚಗೊಂಡು ಹಾಸಿಗಿ ಹಿಡದಾ ಅನಸ್ತೈತಿ,” ಎಂದದ್ದು ಬೀರವ್ವನಿಗೆ ಸರಿಯಾಗಿ ಕೇಳಿಸಿತು. ನಿನ್ನೆಯ ತನಕ ‘ಕೃಷ್ಣಾತಣ್ಣಾ ದೇವರಂಥಾಂವ’ ಎನ್ನುತ್ತಿದ್ದ ಬಾಯಿ ಅದು.

“ನೋಡ್ಲಿ ಬಿಡ್ರಿ ಅಕ್ಕಾರ,” ಎಂದಳು ನಾಗೂಬಾಯಿ ಸೆರಗಿನೊಳಗಿನಿಂದ. “ಇಲ್ಲದ್ದು ಎಲ್ಲಿಂದ ಸಿಗತೈತಿ.”

ತಗಡಿನ ಪೆಟ್ಟಿಗೆಯನ್ನು ಹೊರಗೆ ತಂದರು. ಗೋಡೆಗೆ ಒರಗಿ ಕೂತ ಕೃಷ್ಣಾತನ ಮುಖದ ಮುಂದೆಯೇ ಅದನ್ನು ತೆರೆದರು. ಎರಡು ಅಂಗಿ, ಭಂಡಾರದ ಚೀಲ, ಛಾಯಾಳ ಲಗ್ನದ ಫೋಟೊ, ಟಗರುಗೊಂಬಿನ ಬಿಲ್ಲೆ, ನಶ್ಯ ತುಂಬುವ ಒಂದು ತಪಕೀರಿನ ಡಬ್ಬಿ. ದಿನಕರರಾವ್ ಡಬ್ಬಿ ತೆರೆದು ಮೇಲೆತ್ತಿ ಹಿಡಿದ. ಅದರ ತುಂಬ ಕ್ಲಿಪ್ಪುಗಳಿದ್ದವು.

“ಹೇ ಬಘಾ,” ಎಂದ. “ನೋಡ್ರಿ. ಗಾಡಿ ಸಾಮಾನ.”

“ಅವು ಗಾಡೀವಲ್ರಿ ಮಾಲಕ,” ಎಂದ ಮಾಯಪ್ಪ ಮೆಲ್ಲಗೆ. “ಹಳೇ ಛತ್ರಿ ತಂತೀಲೆ ಕೃಷ್ಣಾತಣ್ಣಾ ಕೈಲೆ ಮಾಡಿದ್ದು. ನಮ್ಮ ಕೈಯಾಗ ಕ್ಲಿಪ್ ಮುರದ್ರ ಬಯ್ಯದ ಇವನ್ನ ಕೊಡತಿದ್ದ.”

“ನಿನ್ನ ಯಾರ ಕೇಳಿದ್ರು?” ಎಂದು ದಿನಕರರಾವ್ ಡಬ್ಬಿಯನ್ನು ಸಫಾರಿಯ ಜೇಬಿಗೆ ಹಾಕಿಕೊಂಡ.

ಬೀರವ್ವ ಎದ್ದು ನಿಂತಳು. “ಹೆಣದ ಮುಂದ ಪೆಟ್ಟಿಗಿ ಜಾಲಾಡಿದ್ರಿ. ಆತು. ಇನ್ನ ನಮ್ಮ ಪಾಳಿ. ಆ ಪಟ್ಟಿ ಎಲ್ಲಿ ಅದಾವ? ತಗೀರಿ.”

“ನಿಮಗೇನ್ ತಿಳಿತೈತಿ ಆಯಿ ಅದರಾಗ?”

“ತಿಳಿದಂವ ಅಗೋ ಅಲ್ಲಿ ಕುಂತಾನ. ಅವನ ಮಾತು ಮುಗದಾವು. ಅದಕ್ಕ ನಾ ನೋಡ್ತೇನಿ.”

ಮಾಯಪ್ಪ ಡಿಕ್ಕಿಯಿಂದ ಗೋಣಿಚೀಲದ ಕಟ್ಟು ತಂದು ಬಿಚ್ಚಿದ. ಹದಿನಾರು ಪಟ್ಟಿಗಳು ಅಂಗಳದ ಬಿಸಿಲಿನಲ್ಲಿ ಕಣ್ಣು ಕುಕ್ಕಿದವು. ಆದರೆ ಎರಡು ಬಾಗಿದ್ದವು. ಎಷ್ಟೋ ಪಟ್ಟಿಗಳ ಅಂಚಿನಲ್ಲಿ ಸ್ಕ್ರೂಡ್ರೈವರ್ ಕಚ್ಚಿದ ಗಾಯಗಳಿದ್ದವು. ಕೃಷ್ಣಾತನ ಕೈಯ ಪಟ್ಟಿಯಲ್ಲಿ ಅಂಥ ಗಾಯ ಇರುವುದು ಸಾಧ್ಯವಿಲ್ಲವೆಂದು ಬೀರವ್ವನಿಗೆ ಗೊತ್ತು. ಅವಳು ಒಂದನ್ನು ಎತ್ತಿ ಹಿಂದು ಮುಂದು ತಿರುಗಿಸಿದಳು. ಹಿಂಬದಿಯ ತುದಿಯಲ್ಲಿ ಅವಳ ಹೆಬ್ಬೆರಳಿಗೆ ಏನೋ ತಗಲಿತು. ಅರದಿಂದ ಎಳೆದ ಒಂದು ಓರೆ ಕಚ್ಚು. ಇನ್ನೊಂದನ್ನು ಎತ್ತಿದಳು. ಅದರಲ್ಲಿ ಬಾಣದ ಮೊನೆಯಂಥ ಕಚ್ಚು. ಮಿಕ್ಕವುಗಳಲ್ಲೂ ಇವೇ, ಕೆಲವಕ್ಕೆ ಒಂದು, ಕೆಲವಕ್ಕೆ ಎರಡೆರಡು.

ಅವಳಿಗೆ ಕಣ್ಣು ಬೇಕಾಗಿರಲಿಲ್ಲ. ಆ ಎರಡು ಕಚ್ಚುಗಳನ್ನು ಅವಳ ಬೆರಳು ಕತ್ತಲೆಯಲ್ಲೂ ಓದಬಲ್ಲದು.

*

ಅಪ್ಪ ಮರಿಗಳಿಗೆ ಕಿವಿಗುರ್ತು ಹಾಕುವ ದಿನ ಕೃಷ್ಣಾತ ಅಳುತ್ತಿದ್ದ. ಆಗ ಅವನಿಗೆ ಎಂಟು ವರ್ಷ, ಬೀರವ್ವನಿಗೆ ಹದಿನೇಳು. ಅವನು ಸಾಲೆಗೆ ಹೋದವನಲ್ಲ. ಅಕ್ಷರಕ್ಕೆ ಬದಲು ಅಪ್ಪ ಕಲಿಸಿದ್ದು ಇದೊಂದನ್ನೇ.

ಮೇಯಲು ಬಿಟ್ಟಾಗ ನಾಲ್ಕು ಮನೆತನದ ಕುರಿ ಕಲೆಯುತ್ತವೆ. ಯಾರದು ಯಾವುದೆಂದು ಹೇಳುವುದು ಕಿವಿ. ಒಂದು ಮನೆಯದು ತುದಿ ಕತ್ತರಿಸಿದ್ದು, ಇನ್ನೊಂದು ಮನೆಯದು ಸೀಳಿದ್ದು. ಇವರ ಮನೆಯದು ಎಡಗಿವಿಗೆ ಓರೆ ಕಚ್ಚು, ಬಲಗಿವಿಗೆ ಬಾಣದ ಕಚ್ಚು. ಅಪ್ಪ ಮರಿಯನ್ನು ತೊಡೆಯ ನಡುವೆ ಮುಖಾಮುಖಿ ಹಿಡಿದು ಹೇಳುತ್ತಿದ್ದ: “ನಿನ್ನ ಎಡಗೈ ಕಡೆ ಬಂದದ್ದು ಎಡಗಿವಿ. ಬಲಗೈ ಕಡೆ ಬಂದದ್ದು ಬಲಗಿವಿ. ಕುರಿ ತನ್ನ ಕಿವಿ ತಾ ನೋಡ್ಕೊಳೂದಿಲ್ಲ. ಎದುರು ನಿಂತು ನೋಡಂವ ನೀ.”

ಬೇರೆ ಜಾತಿಯವರು ಇದನ್ನು ಕೇಳಿ ನಗುತ್ತಿದ್ದರು. ಕುರಿಯ ಎಡ ಯಾವುದು, ನಿನ್ನ ಎಡ ಯಾವುದು ಎಂದು ಕೆಣಕುತ್ತಿದ್ದರು. ಮಹಾಗಾಂವದ ಕುರುಬರ ಓಣಿಯಲ್ಲಿ ಮಾತ್ರ ಇದರ ಬಗ್ಗೆ ಯಾರಿಗೂ ಗೊಂದಲವಿರಲಿಲ್ಲ. ಕೃಷ್ಣಾತ ಮೂಗು ಸುರಿಸುತ್ತಲೇ ಕಲಿತ. ಕಲಿತದ್ದನ್ನು ಮರೆಯುವ ಜಾಯಮಾನ ಅವನದಲ್ಲ.

*

“ಇದು ನಮ್ಮಪ್ಪನ ಗುರ್ತು,” ಎಂದಳು ಬೀರವ್ವ. “ಓರೆ ಕಚ್ಚು ಎಡಗಿವಿ. ಬಾಣದ ಕಚ್ಚು ಬಲಗಿವಿ. ಒಂದು ಕಚ್ಚಿಂದು ಮುಂದಿನ ಬಾಗಲಾ, ಎರಡು ಕಚ್ಚಿಂದು ಹಿಂದಿಂದು ಇರಬೇಕು. ಇವು ನನ್ನ ತಮ್ಮ ಬಿಚ್ಚಿದ ಪಟ್ಟಿ.”

“ಆ ಗುರ್ತು ನಮಗೂ ಗೊತ್ತೈತಿ,” ಎಂದ ದಿನಕರರಾವ್. “ಇಷ್ಟು ವರ್ಷ ತಾನ ಬಿಚ್ಚಿ ತಾನ ಹಚ್ಚತಿದ್ದ. ಈ ಸಲ ಹೋಗೂ ಮುಂದ ಮಾಯಪ್ಪಗ ಹೇಳೇ ಹೋಗ್ಯಾನ, ಓರೇದು ಎಡಕ, ಬಾಣದ್ದು ಬಲಕ ಅಂತ. ಹಾಂಗ ಹಚ್ಚಿ ನೋಡೇವಿ. ಕುಂದರಲಿಲ್ಲ. ಬ್ಯಾರೆ ಪಟ್ಟೀಗೆ ತನ್ನ ಗುರ್ತು ಹಾಕಿ ನಮಗ ಮೋಸ ಮಾಡ್ಯಾನ.”

“ಯಾವ ಎಡಕ್ಕ ಹಚ್ಚಿದ್ರಿ?”

“ಯಾವ ಎಡಕ್ಕ ಅಂದ್ರ? ಎಡಕ್ಕ.”

ಬೀರವ್ವ ಮಾಯಪ್ಪನ ಕ‌ಡೆ ತಿರುಗಿದಳು. “ನೀ ತೋರಸಪಾ. ಎಲ್ಲಿ ಹಚ್ಚಿದ್ರಿ ಈ ಓರೆ ಕಚ್ಚಿಂದು?”

ಮಾಯಪ್ಪ ಗಾಡಿಯ ಎಡ ಬಾಗಿಲನ್ನು ತೋರಿಸಿದ. ಬೀರವ್ವ ಗಾಡಿಯ ಮೂತಿಯ ಮುಂದೆ ಹೋಗಿ, ಟಗರಿಗೆ ಎದುರಾಗಿ ನಿಲ್ಲುವಂತೆ ಅದಕ್ಕೆ ಮುಖ ಮಾಡಿ ನಿಂತಳು. ಎಡಗೈ ಚಾಚಿದಳು. ಅದು ತೋರಿಸಿದ್ದು ಆಚೆಯ ಬಾಗಿಲನ್ನು.

“ಇದು ಎಡಾ,” ಎಂದಳು.

ನೆರೆದವರಲ್ಲಿ ಕುರುಬರ ಗಂಡಸರೆಲ್ಲ ಒಮ್ಮೆಲೇ ತಲೆ ಆಡಿಸಿದರು. ಜೋತಿಬಾ ಕೂಡ. ಅವರಿಗೆ ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ.

“ಆಯಿ,” ಎಂದ ಮಾಯಪ್ಪ. “ಗಾಡಿಗೆ ಎಡಾ ಬಲಾ ಹಾಂಗ ಹಿಡಿಯೂದಿಲ್ರಿ. ಒಳಗ ಸ್ಟೇರಿಂಗಿಗೆ ಕುಂತವರ ಲೆಕ್ಕದಾಗ ಹಿಡಿತಾರ.”

“ಒಳಗ ಕುಂತವರು ಯಾರಪಾ? ನನ್ನ ತಮ್ಮ ಇಪ್ಪತ್ತಾರು ವರ್ಷದಾಗ ಒಂದಿನಾರ ಇಂಥಾ ಗಾಡ್ಯಾಗ ಕುಂತಾನೇನು? ಅಂವ ಎದುರು ನಿಂತು ನೋಡಿದಂವ. ಒಳಗ ಕುಂತವರು ನಿಮ್ಮ ಮಾಲಕ್ರು.”

ಮಾಯಪ್ಪ ಓರೆ ಕಚ್ಚಿನ ಪಟ್ಟಿಯೊಂದನ್ನು ಎತ್ತಿಕೊಂಡು ಆಚೆಯ ಬಾಗಿಲಿಗೆ ಹೋದ. ತೂತಿನ ಸಾಲಿಗೆ ಹಿಡಿದು, ಅಂಗೈಯಿಂದ ಮೆಲ್ಲಗೆ ಒತ್ತಿದ. ಪಟ್ಟಿ ‘ಟಕ್’ ಎಂದು ಕೂತಿತು. ಎರಡನೆಯದೂ ಕೂತಿತು. ಮೂರನೆಯದಕ್ಕೆ ಕ್ಲಿಪ್ಪು ಮುರಿದಿತ್ತು. ಮಾಯಪ್ಪ ಮಾಲಕನ ಮುಂದೆ ಕೈಯೊಡ್ಡಿದ. ದಿನಕರರಾವ್ ಜೇಬಿನಿಂದ ತಪಕೀರಿನ ಡಬ್ಬಿ ತೆಗೆದು ಕೊಡಬೇಕಾಯಿತು. ಛತ್ರಿ ತಂತಿಯ ಕ್ಲಿಪ್ಪು ಹಾಕಿದ ಮೇಲೆ ಅದೂ ಕೂತಿತು. ಬಾಣದ ಕಚ್ಚಿನವು ಈಚೆಯ ಬಾಗಿಲಿಗೆ ಒಂದೊಂದಾಗಿ ಕೂತವು. ಕೂರದೆ ಉಳಿದವು ಎರಡೇ, ಇವರು ಮೀಟಿ ಮೀಟಿ ಬಾಗಿಸಿದವು.

“ಕುಣಿಯಾಕ ಬಾರದಾಕಿ ನೆಲಾ ಡೊಂಕಂದ್ಲಂತ,” ಎಂದಳು ಬೀರವ್ವ. ಅವಳ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತು. ಎರಡು ತಿಂಗಳಲ್ಲಿ ಒಂದು ದಿನ ಯಾರಾದರೂ ಬಂದು, ಕೃಷ್ಣಾತಾ, ಪಟ್ಟಿ ಕೂರುತ್ತಿಲ್ಲ, ಏನು ಮಾಡೋಣ ಎಂದಿದ್ದರೆ, ಅವನು ಕೆಮ್ಮುತ್ತಲೇ ಹೇಳುತ್ತಿದ್ದ. ಕೇಳುವುದಕ್ಕಿಂತ ಕಳ್ಳ ಅನ್ನುವುದು ಇವರಿಗೆ ಸುಲಭವಾಯಿತು.

ಮಾಯಪ್ಪ ಗಾಡಿಗೆ ಒರಗಿ ಅಳುತ್ತಿದ್ದ. ದಿನಕರರಾವ್ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು ಬೀರವ್ವನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, “ಗೈರಸಮಜ ಆತು ಆಯಿ, ತಪ್ಪು ತಿಳಕೊಂಡಂಗ ಆತು,” ಎಂದ. “ಆಗತೈತಿ ಒಮ್ಮೊಮ್ಮಿ. ಮನಸಿಗೆ ಹಚಗೋಬ್ಯಾಡ್ರಿ.” ಆಮೇಲೆ ಮಾಯಪ್ಪನಿಗೆ ಮರಾಠಿಯಲ್ಲಿ, ಬೇಗ ಮುಗಿಸು, ಹಲಕರ್ಣಿಗೆ ಹೊತ್ತಾಗುತ್ತದೆ ಎಂದ.

“ಆತಲ್ಲ ಮತ್ತ,” ಎಂದ ಜೋತಿಬಾ ಸಮಾಧಾನದಿಂದ. “ದೊಡ್ಡವರು ತಾವಾಗಿ ತಪ್ಪಾತು ಅಂದಂಗ ಆತು. ಮುಗೀತು ಬಿಡವಾ.”

ಮುಗಿಯುತ್ತಿತ್ತೋ ಏನೋ. ಅಷ್ಟರಲ್ಲಿ ಓಣಿಯ ತುದಿಯಿಂದ ಛಾಯಾ ಓಡುತ್ತ ಬಂದಳು. ತಲೆಗೂದಲಲ್ಲಿ ಇನ್ನೂ ಲೂಮಿನ ಹತ್ತಿಯ ಎಳೆಗಳಿದ್ದವು. ಕೆಲಸದ ನಡುವೆಯೇ ಎದ್ದು ಬಂದವಳು. ಅಪ್ಪನ ಕಾಲ ಮೇಲೆ ಬಿದ್ದು, ಬಹಳ ಹೊತ್ತು ಅತ್ತು, ಮುಖ ಎತ್ತಿದಾಗ ಅವಳು ಕೇಳಿದ್ದು ಸಾವಿನ ಮಾತನ್ನಲ್ಲ.

“ಅತ್ತಿ, ಗಡಹಿಂಗ್ಲಜ ಬಸ್ ಹತ್ತಾಕ ನಿಂತವರು ಸ್ಟ್ಯಾಂಡಿನಾಗ ಅನ್ನಾಕತ್ತಿದ್ರು. ಅಪ್ಪಾ ಗಾಡಿ ಸಾಮಾನ ಕದ್ದಿದ್ನಂತ, ಅದಕ್ಕ ಮಾಲಕ್ರು ಹುಡುಕ್ಕೊಂಡು ಬಂದಾರಂತ. ಖರೇ ಏನು?”

ನಾಗೂಬಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಬೀರವ್ವ ಸ್ಟ್ಯಾಂಡಿನ ದಿಕ್ಕಿಗೆ ನೋಡಿದಳು. ತಮ್ಮನ ಹೆಣ ಇನ್ನೂ ಇಲ್ಲೇ ಇತ್ತು. ಅವನ ಹೆಸರು ಆಗಲೇ ಬಸ್ಸು ಹತ್ತಿ ಹೋಗಿತ್ತು.

“ಹೊತ್ತು ಇಳ್ಯಾಕತ್ತೈತಿ,” ಎಂದ ಜೋತಿಬಾ. “ಎತ್ರಿ ಇನ್ನ.”

ಹೆಗಲು ಕೊಡುವ ನಾಲ್ವರು ಬಿದಿರಿನ ಚಟ್ಟವನ್ನು ಎತ್ತಿಕೊಂಡು ಪಡಸಾಲೆಯ ಹತ್ತಿರ ಬಂದರು. ಬೀರವ್ವ ಹೋಗಿ ತಮ್ಮನ ಕಾಲ ಬಳಿ ಕೂತುಬಿಟ್ಟಳು.

“ಮುಟ್ಟಬ್ಯಾಡ್ರಿ. ಮಾಲಕ್ರು ಹೇಳೂದೈತಿ.”

“ಹೇಳಿದ್ನಲ್ಲ ಆಯಿ,” ಎಂದ ದಿನಕರರಾವ್. “ಗೈರಸಮಜ ಆತು ಅಂತ.”

“ಗೈರಸಮಜ ನಿಮ್ಮದು. ಹೆಸರು ಕೆಟ್ಟದ್ದು ಇವಂದು. ಕಳ್ಳ ಅಂದಾಗ ಊರಿಗೆ ಕೇಳೂವಂಗ ಅಂದ್ರಿ. ತಪ್ಪಾತು ಅನ್ನೂದನ್ನ ನನ್ನ ಒಬ್ಬಾಕಿ ಕಿವ್ಯಾಗ ಅಂದ್ರಿ. ಹಾಂಗ ಆಗೂದಿಲ್ಲ. ಇಲ್ಲಿ ಬರ್ರಿ. ಇವನ ಎದುರು ಕುಂದರ್ರಿ. ಕೃಷ್ಣಾತಾ, ನೀ ಏನೂ ಕದ್ದಿಲ್ಲ ಅಂತ ಮುಖಾ ನೋಡಿ ಹೇಳ್ರಿ. ಇಷ್ಟೂ ಮಂದಿಗೆ ಕೇಳಬೇಕು. ಅಲ್ಲೀಮಟಾ ನನ್ನ ತಮ್ಮ ಏಳೂದಿಲ್ಲ.”

“ಹೆಣದ ಜೋಡಿ ಎಂಥಾ ಮಾತ್ರಿ,” ಎಂದು ದಿನಕರರಾವ್ ನಗಲು ನೋಡಿದ. ಅವನ ಜೊತೆ ಯಾರೂ ನಗಲಿಲ್ಲ.

“ಪೆಟ್ಟಿಗಿ ಜಾಲಾಡುವಾಗ ಇಂವ ಹೆಣಾ ಅಂತ ನೆನಪ ಇರಲಿಲ್ಲ ನಿಮಗ.”

ದಿನಕರರಾವ್‌ನ ಮುಖ ಕೆಂಪಾಯಿತು. ಅವನು ಜೋತಿಬಾನ ಕಡೆ ತಿರುಗಿದ. “ತುಮ್ಹೀ ತರೀ ಸಾಂಗಾ ಹಿಲಾ. ನೀವಾರ ಹೇಳ್ರಿ ಈಕೀಗೆ. ಹಿರ್ಯಾರು ನೀವು.”

ಎಲ್ಲರೂ ಜೋತಿಬಾನನ್ನು ನೋಡಿದರು. ಚಟ್ಟ ಹಿಡಿದ ನಾಲ್ವರೂ ನೋಡಿದರು. ‘ಹೋಗ್ಲಿ ಬಿಡವಾ’ ಎಂಬ ಮಾತು ಅವನ ಬಾಯಿಂದ ಹೊರಡುವುದನ್ನೇ ಕಾಯುತ್ತಿದ್ದರು. ಬೀರವ್ವ ಮಾತ್ರ ನೋಡಲಿಲ್ಲ. ಅವಳಿಗೆ ಅವನಿಂದ ಏನೂ ಬೇಕಾಗಿರಲಿಲ್ಲ.

ಜೋತಿಬಾ ಹೊಲದ ಕಡೆ ಬಾಗಿದ ಸೂರ್ಯನನ್ನು ನೋಡಿದ. ಪಟ್ಟಿ ತೊಟ್ಟು ಹೊಳೆಯುತ್ತಿದ್ದ ಗಾಡಿಯನ್ನು ನೋಡಿದ. ಗೋಡೆಗೆ ಒರಗಿದ ತಮ್ಮನನ್ನು ಬಹಳ ಹೊತ್ತು ನೋಡಿದ. ಆಮೇಲೆ ಚಟ್ಟ ಹಿಡಿದವರಿಗೆ ಕೈಸನ್ನೆ ಮಾಡಿದ.

“ಇಳಸ್ರಿ,” ಎಂದ.

ಬಿದಿರು ನೆಲ ಮುಟ್ಟಿತು. ಜೋತಿಬಾ ಕಾಲಿನ ಚಪ್ಪಲಿ ಕಳಚಿ, ತಲೆಯ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಅಂಗಳದ ಮಣ್ಣಿನಲ್ಲಿ ಚಕ್ಕಂಬಕ್ಕಳ ಹಾಕಿ ಕೂತ.

“ನಮಗೇನು ಅವಸರಿಲ್ರಿ ಸಾಹೇಬ್ರ,” ಎಂದ.

ಹೆಗಲು ಕೊಡುವವರು ಅವನ ಪಕ್ಕ ಕೂತರು. ಗಂಡಸರು ಕೂತರು. ಹೆಂಗಸರು ಕೂತರು, ಹೌಸಾಬಾಯಿಯೂ ತಲೆ ತಗ್ಗಿಸಿ ಕೂತಳು. ಮಾಯಪ್ಪ ಗಾಡಿಯ ಕೀಲಿಕೈಯನ್ನು ಮಾಲಕನ ಅಂಗೈಯಲ್ಲಿಟ್ಟು ಬಂದು ಎಲ್ಲರ ಹಿಂದೆ ಕೂತ. ಅಂಗಳದಲ್ಲಿ ನಿಂತವನು ಈಗ ದಿನಕರರಾವ್ ಒಬ್ಬನೇ.